ಒಂಬತ್ತನೇ ಕಲ್ಲಿನ ಒಡಕು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ನನಗೂ ಗೊತ್ತು. ಆದ್ದರಿಂದ ನಾನು ಮಗಳ ವಿಷಯ ಹೇಳುವಾಗ ಯಾರಾದರೂ ಮುಸಿಮುಸಿ ನಕ್ಕರೆ ನನಗೆ ಬೇಜಾರಿಲ್ಲ. ನಗಲಿ. ನಾನು ಮೂವತ್ತೊಂದು ವರ್ಷ ಸಾಣೆಕಲ್ಲಿನ ಕಾರ್ಖಾನೆಯಲ್ಲಿ ಕಲ್ಲು ತಟ್ಟಿ ನೋಡುವ ಕೆಲಸ ಮಾಡಿದವಳು. ಮುಖ ನೋಡಿ ಒಂದು ಕಲ್ಲನ್ನೂ ಪಾಸು ಮಾಡಿಲ್ಲ, ಮಗಳನ್ನೂ ಹಾಗೆ ಪಾಸು ಮಾಡುವವಳಲ್ಲ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕಬ್ಬಿಣ ಉಜ್ಜುವ, ಚಾಕು ಮಸೆಯುವ ಯಂತ್ರಗಳಲ್ಲಿ ಗರಗರ ತಿರುಗುವ ದುಂಡನೆಯ ಕಲ್ಲು ಇರುತ್ತದಲ್ಲ, ಅದೇ ಸಾಣೆಕಲ್ಲು. ಊಟದ ತಟ್ಟೆಯಷ್ಟು ಅಗಲ, ಎರಡು ಬೆರಳು ದಪ್ಪ, ನಡುವೆ ತೂತು. ಭಟ್ಟಿಯಲ್ಲಿ ಬೆಂದು ಬಂದ ಪ್ರತಿಯೊಂದು ಕಲ್ಲನ್ನೂ ಹಗ್ಗಕ್ಕೆ ನೇತುಹಾಕಿ, ಮರದ ಸುತ್ತಿಗೆಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟಬೇಕು. ಚೆನ್ನಾಗಿರುವ ಕಲ್ಲು ಗಂಟೆಯ ಹಾಗೆ ಠಣ್ ಎಂದು ತುಂಬ ಹೊತ್ತು ನಿಲ್ಲುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಠಪ್ ಎಂದು ಅಲ್ಲೇ ಸಾಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲ ಕಿವಿಯದೇ ಕೆಲಸ. ದಿನವಿಡೀ ನಾನು ಆಡುತ್ತಿದ್ದುದು ಎರಡೇ ಮಾತು, ‘ಪಾಸು’ ಮತ್ತು ‘ಒಡಕು’. ಉಳಿದ ಮಾತೆಲ್ಲ ಮನೆಗೆ ಬಂದು ಆಡುತ್ತಿದ್ದೆ ಎಂದು ಅಣ್ಣ ಇವತ್ತಿಗೂ ಹಂಗಿಸುತ್ತಾನೆ.

ಒಡಕು ಎಂದ ಮೇಲೆ ಇನ್ನೊಂದು ಕೆಲಸವಿದೆ. ಒಡಕನ್ನು ಕೇಳಿದವರೇ ಆ ಕಲ್ಲನ್ನು ನಿಂತ ಕಾಲಲ್ಲಿ ಕಬ್ಬಿಣದ ಸುತ್ತಿಗೆಯಿಂದ ಒಡೆದುಹಾಕಬೇಕು. ಗುರುತು ಹಾಕಿ ಪಕ್ಕಕ್ಕೆ ಇಡುವಂತಿಲ್ಲ, ನಾಳೆ ನೋಡೋಣ ಎನ್ನುವಂತಿಲ್ಲ. ಈ ನಿಯಮ ತಂದವಳು ನಾನೇ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಯಾರೋ ಸೀಮೆಸುಣ್ಣದಲ್ಲಿ ಗುರುತು ಹಾಕಿ ಪಕ್ಕಕ್ಕಿಟ್ಟ ಕಲ್ಲನ್ನು ಇನ್ಯಾರೋ ಅವಸರದಲ್ಲಿ ಯಂತ್ರಕ್ಕೆ ಹಾಕಿದರು. ತಿರುಗುತ್ತಿದ್ದ ಹಾಗೇ ಅದು ಸಿಡಿಯಿತು. ಯಂತ್ರದ ಮುಂದೆ ನಿಂತಿದ್ದವನು ನನ್ನ ಅಣ್ಣ. ಅವನ ಎಡಗಣ್ಣು ಹೋಯಿತು. ಅವತ್ತಿನಿಂದ, ಬಾಯಿ ‘ಒಡಕು’ ಎನ್ನುವ ಹೊತ್ತಿಗೆ ಕೈ ಸುತ್ತಿಗೆ ಎತ್ತಿರಬೇಕು ಎಂದು ಹಟ ಹಿಡಿದೆ. ಮೇಲಿನವರು ಮೊದಮೊದಲು ಮುಖ ಸಿಂಡರಿಸಿದರು. ಆಮೇಲಿನ ಇಪ್ಪತ್ತೊಂಬತ್ತು ವರ್ಷ ನಮ್ಮ ಕಲ್ಲು ಒಂದೂ ಸಿಡಿಯಲಿಲ್ಲ, ಅವರ ಮುಖವೂ ನೆಟ್ಟಗಾಯಿತು.

ಇನ್ನು ಮಗಳು. ಮನೆಯಲ್ಲಿ ಅವಳನ್ನು ಡಬ್ಬಿ ಎಂದು ಕರೆಯುತ್ತೇವೆ. ನಡೆಯಲು ಕಲಿಯುವ ಮೊದಲೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬಡಿದು ಸೊಟ್ಟ ಮಾಡಿದ ಕೀರ್ತಿ ಅವಳದು. ಈಗ ಮೂವತ್ತನಾಲ್ಕು ವರ್ಷ. ಚರ್ಮದ ವಾದ್ಯ ಕಲಿತಳು, ಲೋಹದ ವಾದ್ಯ ಕಲಿತಳು, ಕೊನೆಗೆ ಅವನ್ನೆಲ್ಲ ಬದಿಗಿಟ್ಟು ನನ್ನ ಕಲ್ಲುಗಳ ಹತ್ತಿರ ಬಂದಳು. ನಾನು ನಿವೃತ್ತಿಯಾದಾಗ ಕಾರ್ಖಾನೆಯವರು ಗೋಡೆ ಗಡಿಯಾರ ಕೊಡುತ್ತೇವೆ ಎಂದರು. ಗಡಿಯಾರ ಮನೆಯಲ್ಲಿದೆ, ಕಲ್ಲು ಕೊಡಿ ಎಂದೆ. ಹಳೆಯ ಅಳತೆಯ, ಯಾರೂ ಕೊಳ್ಳದ ಹನ್ನೆರಡು ಕಲ್ಲುಗಳನ್ನು ನಾನೇ ತಟ್ಟಿ, ಆರಿಸಿ ತಂದು ಅವಳ ಮುಂದಿಟ್ಟೆ. ಚಿಕ್ಕಂದಿನಲ್ಲಿ ಯಾವ ಆಟಿಕೆ ಕೊಟ್ಟಾಗಲೂ ಅವಳ ಮುಖ ಹಾಗೆ ಅರಳಿರಲಿಲ್ಲ.

ಅವಳ ಸಂಗೀತವನ್ನು ಬಿಡಿಸಿ ಹೇಳು ಎಂದರೆ ನನ್ನ ಮಟ್ಟಿಗೆ ಇಷ್ಟು. ಹನ್ನೆರಡು ಕಲ್ಲುಗಳು ಕಬ್ಬಿಣದ ಚೌಕಟ್ಟಿನಲ್ಲಿ ನೇತಾಡುತ್ತವೆ. ಪ್ರತಿ ಕಲ್ಲಿಗೂ ಅಂಗಿಯ ಗುಂಡಿಯಷ್ಟು ಚಿಕ್ಕ ಮೈಕು ಅಂಟಿಸಿರುತ್ತದೆ. ಅವಳು ತಟ್ಟಿದ ಸದ್ದು ತಂತಿಯಲ್ಲಿ ಹರಿದು ಕಂಪ್ಯೂಟರಿಗೆ ಹೋಗುತ್ತದೆ. ಕಂಪ್ಯೂಟರು ಅದನ್ನು ಹಿಡಿದಿಟ್ಟುಕೊಂಡು ನಾಲ್ಕು ಸೆಕೆಂಡಾದ ಮೇಲೆ ಸ್ಪೀಕರುಗಳಿಂದ ವಾಪಸು ಬಿಡುತ್ತದೆ. ಬಿಡುವಾಗ ಸುಮ್ಮನೆ ಬಿಡುವುದಿಲ್ಲ. ಕೆಲವೊಮ್ಮೆ ಎಳೆದು ಉದ್ದ ಮಾಡುತ್ತದೆ, ಕೆಲವೊಮ್ಮೆ ಹಿಂದುಮುಂದು ಮಾಡುತ್ತದೆ, ಒಂದನ್ನು ನೂರಾಗಿಸುತ್ತದೆ. ಅವಳು ಅದರ ಎದುರು ನಿಂತು, ಅದನ್ನು ಕೇಳಿಸಿಕೊಂಡು ಮತ್ತೆ ಬಾರಿಸಬೇಕು. ತಾನು ಆಡಿದ ಮಾತಿಗೆ ತಾನೇ ಉತ್ತರ ಕೊಡುವ ಪರಿಸ್ಥಿತಿ. ನನ್ನಂಥ ಬಾಯಿಬಡುಕಿಗೆ ಅದು ಎಷ್ಟು ಕಷ್ಟದ ಕೆಲಸವೆಂದು ಚೆನ್ನಾಗಿ ಗೊತ್ತು.

ಮೂರು ವರ್ಷದ ಹಿಂದೆ ಅವಳು ದೊಡ್ಡ ಸಭಾಂಗಣದಲ್ಲಿ ಮೊದಲ ಸಲ ಬಾರಿಸಿದಾಗ ಯಂತ್ರ ನಡುವೆ ಕೈಕೊಟ್ಟಿತು. ಸ್ಪೀಕರುಗಳು ಮೂಕವಾದವು. ಅರ್ಧಕ್ಕರ್ಧ ಜನ ಎದ್ದುಹೋದರು. ಸಭಾಂಗಣದ ವ್ಯವಸ್ಥಾಪಕರು ನನ್ನ ಹತ್ತಿರ ಬಂದು, “ಮಗಳಿಗೆ ಬೇರೆ ಏನಾದ್ರೂ ಕಲಿಸ್ಬಾರ್ದಿತ್ತಾ ಅಮ್ಮಾ?” ಎಂದು ಕೇಳಿದರು. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಮಗಳು ಮಾತ್ರ ಉತ್ತರ ಕೊಡದೆ ಮೂರು ವರ್ಷ ಅದೇ ಬಾಗಿಲು ತಟ್ಟಿದಳು. ಕೊನೆಗೆ ನಲವತ್ತು ನಿಮಿಷ ಸಿಕ್ಕಿತು. ಈ ಸಲವೂ ನಡುವೆ ನಿಂತರೆ ಇನ್ನು ಈ ಮೆಟ್ಟಿಲು ಹತ್ತಬೇಡಿ ಎಂಬ ಮಾತಿನ ಜೊತೆಗೇ ಸಿಕ್ಕಿತು.

ಎರಡು ತಿಂಗಳು ಅವಳು ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದಳು. ನನ್ನನ್ನೂ ಒಳಗೆ ಬಿಡಲಿಲ್ಲ. ಬರಲಿ ಆ ದಿನ, ಒಟ್ಟಿಗೇ ಕೇಳೋಣ ಎಂದು ನಾನೂ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಸುಲಭವಲ್ಲ ಎಂಬುದನ್ನು ಮಾತ್ರ ದಾಖಲೆಗೆ ಸೇರಿಸಿಕೊಳ್ಳಿ.

ಕಾರ್ಯಕ್ರಮದ ದಿನ ಬೆಳಿಗ್ಗೆ ಕಲ್ಲುಗಳನ್ನು ಕಟ್ಟಿಕೊಡಲು ಆ ಕೋಣೆಗೆ ಹೋದೆ. ಕಲ್ಲು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಾಗದದ ಎರಡು ಸುತ್ತು, ಮೇಲೆ ಹಳೆಯ ಕಂಬಳಿ. ಕಟ್ಟುವ ಮೊದಲು ಒಂದು ಸಲ ತಟ್ಟಬೇಕು, ಬಿಚ್ಚಿದ ಮೇಲೆ ಇನ್ನೊಂದು ಸಲ. ಮಗಳು ವ್ಯಾನಿನವನಿಗೆ ದಾರಿ ಹೇಳಲು ಕೆಳಗೆ ಓಡುತ್ತ, “ಅಮ್ಮ, ಆ ಬಟ್ಟೆ ಮುಚ್ಚಿರೋದನ್ನ ಬಿಡು, ನಾನೇ ಕಟ್ತೀನಿ,” ಎಂದು ಮೆಟ್ಟಿಲ ಮೇಲಿಂದ ಕೂಗಿದಳು. ಪಾಪ, ಅವಳಿಗೆ ಸಾವಿರ ಕೆಲಸ, ನಾನಿರುವಾಗ ಅವಳೇಕೆ ಕಟ್ಟಬೇಕು ಎಂದುಕೊಂಡೆ. ಎಂಟು ಕಲ್ಲು ತಟ್ಟಿದೆ, ಎಂಟೂ ಪಾಸು. ಒಂಬತ್ತನೆಯದರ ಮೇಲಿನ ಬಟ್ಟೆ ಸರಿಸಿ ತಟ್ಟಿದೆ.

ಠಣ್. ಎರಡನೇ ಕಡೆ, ಠಣ್. ಮೂರನೇ ಕಡೆ ತಟ್ಟಿದಾಗ ಅದು ಬಾಯಿ ಬಿಟ್ಟಿತು. ಠಪ್ ಎಂದು ಸಾಯುವ ಮುಂಚೆ ಒಂದು ಗೊರ ಗೊರ ಸದ್ದು, ಮುದುಕರು ಗಂಟಲು ಸರಿಪಡಿಸಿಕೊಂಡ ಹಾಗೆ.

“ಒಡಕು,” ಎಂದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ. ಚೌಕಟ್ಟಿನ ಬೋಲ್ಟು ಬಡಿಯಲು ಇಟ್ಟಿದ್ದ ಕಬ್ಬಿಣದ ಸುತ್ತಿಗೆ ಪಕ್ಕದಲ್ಲೇ ಇತ್ತು. ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಕಲ್ಲನ್ನು ಬಿಚ್ಚಿ ಮಣೆಯ ಅಂಚಿಗಿಟ್ಟು ಒಂದೇ ಏಟು ಹಾಕಿದೆ. ಬಿರುಕಿನ ಗೆರೆಯಲ್ಲೇ ಬಿಚ್ಚಿಕೊಂಡು ಅಚ್ಚುಕಟ್ಟಾಗಿ ಎರಡು ಹೋಳಾಯಿತು. ಹಳೆಯ ಕೈ, ಏಟು ಮರೆತಿಲ್ಲ ಎಂದು ಒಂದು ಕ್ಷಣ ಖುಷಿಯೂ ಆಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ತಲೆಯೆತ್ತಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು.

“ಒಡಕಿತ್ತು ಕಣೇ,” ಎಂದೆ.

“ಗೊತ್ತು,” ಎಂದಳು. “ಎರಡು ತಿಂಗಳಿಂದ ಗೊತ್ತು.”

ಅವಳು ಕಿರುಚಿದ್ದರೆ ನಾನೂ ಕಿರುಚಿ ಸಮಮಾಡುತ್ತಿದ್ದೆ. ಅವಳು ಗೋಡೆಗೊರಗಿ ನೆಲದ ಮೇಲೆ ಕೂತು, ಮೆಲ್ಲಗೆ ಎಲ್ಲವನ್ನೂ ಹೇಳಿದಳು. ಹಗ್ಗ ಬದಲಿಸುವಾಗ ಆ ಕಲ್ಲು ಕೈಜಾರಿ ಬಿದ್ದಿತ್ತು. ನಿಯಮ ಅವಳಿಗೂ ಗೊತ್ತು, ಒಡೆಯೋಣವೆಂದೇ ಎತ್ತಿಕೊಂಡಳಂತೆ. ಕೊನೆಯ ಸಲ ಒಮ್ಮೆ ತಟ್ಟಿದಳು, ಆ ಗೊರ ದನಿ ಕೇಳಿ ಸುತ್ತಿಗೆ ಕೆಳಗಿಟ್ಟಳು. ಹತ್ತು ಸಲ ತಟ್ಟಿದರೆ ಮೂರು ಸಲ ಮಾತ್ರ ಆ ಒಡಕು ಬಾಯಿ ಬಿಡುತ್ತಿತ್ತು, ಯಾವಾಗ ಬಿಡುತ್ತದೆಂದು ಅವಳಿಗೂ ತಿಳಿಯುತ್ತಿರಲಿಲ್ಲ. ಅದರ ಮೇಲೇ ಇಡೀ ನಲವತ್ತು ನಿಮಿಷ ಕಟ್ಟಿದಳು. ಐದು ಭಾಗ. ಒಂಬತ್ತನೇ ಕಲ್ಲಿನ ಒಡಕು ಮಾತಾಡಿದಾಗ ಮಾತ್ರ ಕಂಪ್ಯೂಟರು ಒಂದು ಭಾಗದಿಂದ ಇನ್ನೊಂದಕ್ಕೆ ಹೊರಳುತ್ತದೆ. ಆ ದನಿಯನ್ನು ಗುರುತಿಸಲು ಅದಕ್ಕೆ ಸಾವಿರ ಸಲ ತಟ್ಟಿ ತಟ್ಟಿ ಕಲಿಸಿದ್ದಳು. ಆ ದನಿ ಬರದಿದ್ದರೆ ಮೊದಲನೇ ಭಾಗದಲ್ಲೇ ಸುತ್ತುತ್ತ ನಿಲ್ಲುತ್ತದೆ, ಮೂರು ವರ್ಷದ ಹಿಂದೆ ನಿಂತ ಹಾಗೆಯೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಕಲ್ಲು ಒಡೆದು ಕೂತಿದ್ದೆ. ಗಂಟೆ ಹತ್ತೂವರೆ, ಕಾರ್ಯಕ್ರಮ ಸಂಜೆ ಆರಕ್ಕೆ.

ಮೊದಲು ಕಾರ್ಖಾನೆಗೆ ಫೋನು ಮಾಡಿದೆ. ನನ್ನ ಜಾಗದಲ್ಲಿ ಈಗ ಕಲ್ಲು ತಟ್ಟುವವಳು ನಾನೇ ತಯಾರು ಮಾಡಿದ ಹುಡುಗಿ. ಬೆಳಗಿನಿಂದ ಒಡಕು ಏನಾದರೂ ಬಂತಾ ಎಂದು ಕೇಳಿದೆ.

“ಮೂರು ಬಂತು ಅಕ್ಕಾ. ಮೂರೂ ಒಡೆದೆ.”

“ಇನ್ನೊಂದು ಬಂದ್ರೆ ಒಡೀಬೇಡ, ನನಗೆ ತೆಗೆದಿಡು. ನಾನೇ ಬಂದು ತಗೊಂಡು ಹೋಗ್ತೀನಿ.”

“ಅಕ್ಕಾ, ನನ್ನ ಪರೀಕ್ಷೆ ಮಾಡ್ತಿದ್ದೀರಾ?”

“ಪರೀಕ್ಷೆ ಅಲ್ಲ ಕಣೇ, ನಿಜವಾಗ್ಲೂ ಬೇಕು.”

“ಬೇಜಾರ್ ಮಾಡ್ಕೋಬೇಡಿ. ಒಡಕು ಕಲ್ಲು ಇಡಿಯಾಗಿ ಗೇಟು ದಾಟೋದಿಲ್ಲ. ನೀವು ಕೇಳಿದ್ರೂ ಇಲ್ಲ.”

ಫೋನು ಇಟ್ಟೆ. ಕಣ್ಣಲ್ಲಿ ನೀರು ಬಂತು. ಕಲ್ಲು ಸಿಗಲಿಲ್ಲವೆಂದಲ್ಲ. ಎಂಥವಳನ್ನು ತಯಾರು ಮಾಡಿದ್ದೇನೆ ನೋಡು ಎಂದು ಆ ಸಂಕಟದಲ್ಲೂ ಎದೆಯುಬ್ಬಿತು. ಮಗಳು ನನ್ನ ಮುಖ ನೋಡಿ, “ಇಲ್ಲ ಅಂದ್ಲಾ?” ಎಂದಳು. “ಇಲ್ಲ ಅಂದ್ಲು,” ಎಂದೆ, ಸ್ವಲ್ಪ ಜಂಬದಿಂದಲೇ.

ಅಷ್ಟರಲ್ಲಿ ಚೌಕಟ್ಟು ಬಿಚ್ಚಲು ಅಣ್ಣ ಬಂದ. ಒಂಟಿ ಕಣ್ಣಾದ ಮೇಲೆ ಅವನು ಫಿಟ್ಟರ್ ಕೆಲಸ ಹಿಡಿದ. ಈಗಲೂ ಎಲ್ಲಿಗೆ ಹೋದರೂ ಉಪಕರಣದ ಚೀಲ ಹೆಗಲಿಗೇ ಅಂಟಿಕೊಂಡಿರುತ್ತದೆ. ಎರಡು ಹೋಳುಗಳನ್ನು ಕೈಗೆತ್ತಿಕೊಂಡು, ಒಂದಕ್ಕೊಂದು ಸೇರಿಸಿ, ಬೆಳಕಿಗೆ ಹಿಡಿದು ನೋಡಿದ.

“ಚೆನ್ನಾಗಿ ಒಡೆದಿದ್ದೀಯ,” ಎಂದ. “ಪುಡಿ ಆಗಿಲ್ಲ. ಹಲ್ಲಿಗೆ ಹಲ್ಲು ಕೂತ್ಕೊಳ್ತಿದೆ. ಸುತ್ತ ತಗಡಿನ ಪಟ್ಟಿ ಹಾಕಿ ಬಿಗಿದ್ರೆ ಒಂದಾಗುತ್ತೆ.”

“ಒಂದಾದ್ರೆ ಸಾಲದು ಮಾವ,” ಎಂದಳು ಮಗಳು. “ಅದೇ ದನಿ ಬರ್ಬೇಕು.”

“ದನಿ ನಿಮ್ಮಮ್ಮನ ಪಾಲು. ಪಟ್ಟಿ ನನ್ನ ಪಾಲು. ನನ್ನ ಕಣ್ಣು ತಿಂದ ವಂಶದ ಕಲ್ಲಿಗೆ ನಾನೇ ಪಟ್ಟಿ ಕಟ್ಟೋ ಹಾಗಾಯ್ತಲ್ಲ, ಇದಕ್ಕೇನು ಹೇಳೋದು.”

ಪೀಪಾಯಿಗೆ ಬಳೆ ತೊಡಿಸಿದ ಹಾಗೆ ಅವನು ಕಲ್ಲಿನ ಸುತ್ತ ತೆಳುವಾದ ತಗಡಿನ ಪಟ್ಟಿ ಬಳಸಿ, ತುದಿಗೆ ಬೋಲ್ಟು ಹಾಕಿದ. ಅಲ್ಲಿಂದ ಮುಂದೆ ನನ್ನ ಕೆಲಸ. ಆ ದನಿಯನ್ನು ನಾನು ಕೇಳಿದ್ದು ಒಂದೇ ಸಲ, ಅದೂ ಒಡೆಯುವ ಮುನ್ನ. ಒಂದು ಸಲ ಸಾಕು. ಮುಖಗಳನ್ನು ಮರೆತಿದ್ದೇನೆ, ನೆಂಟರ ಹೆಸರುಗಳನ್ನು ಮರೆತಿದ್ದೇನೆ, ಕೇಳಿದ ಕಲ್ಲನ್ನು ಮರೆತಿಲ್ಲ.

“ಬಿಗಿ,” ಎಂದೆ. ತಟ್ಟಿದೆ. “ಇನ್ನೂ ಬಿಗಿ.” ತಟ್ಟಿದೆ. “ಇನ್ನೊಂದು ಕೂದಲೆಳೆ. ಜಾಸ್ತಿಯಾಯ್ತು, ಕಾಲು ಸುತ್ತು ಬಿಡು. ಅಷ್ಟು ಬೇಡ, ಅದರಲ್ಲಿ ಅರ್ಧ.”

“ಹೆಣ್ಣು ನೋಡೋಕೆ ಬಂದೋರೂ ಇಷ್ಟು ಕೊಂಕು ತೆಗೀತಿರ್ಲಿಲ್ಲ,” ಎಂದ ಅಣ್ಣ. ಆದರೂ ನಾನು ಹೇಳಿದಷ್ಟೇ ಬಿಗಿದ, ಹೇಳಿದಷ್ಟೇ ಬಿಟ್ಟ. ಒಂದೂವರೆ ಗಂಟೆ ಹೀಗೇ ನಡೆಯಿತು. ಮಧ್ಯಾಹ್ನದ ಹೊತ್ತಿಗೆ, ಹಲವು ಸಲ ಠಣ್ ಎಂದ ಕಲ್ಲು ಇದ್ದಕ್ಕಿದ್ದ ಹಾಗೆ ಗೊರ ಎಂದು ಗಂಟಲು ಸರಿಪಡಿಸಿಕೊಂಡಿತು. ಮಗಳು ಎದ್ದು ನಿಂತಳು.

“ಅದೇ,” ಎಂದೆ.

ಅವಳು ಮೈಕು ಅಂಟಿಸಿ ಕಂಪ್ಯೂಟರು ಹಾಕಿದಳು. ತಟ್ಟಿದಳು. ಒಡಕು ಮಾತಾಡಿತು, ಕಂಪ್ಯೂಟರು ಸುಮ್ಮನಿತ್ತು. ಮತ್ತೆ ತಟ್ಟಿದಳು. ನಲವತ್ತು ಸಲ ತಟ್ಟಿದಳು. ಅದು ಕಲ್ಲಿಗಿಂತ ಕಲ್ಲಾಗಿ ಕೂತಿತ್ತು. ಹೊಸದಾಗಿ ಕಲಿಸಲು ವಾರ ಬೇಕು, ನಮಗಿದ್ದದ್ದು ಕೆಲವೇ ಗಂಟೆ. ಎರಡು ಕೈಯಲ್ಲಿ ನಾಲ್ಕು ಕೋಲು, ಎರಡು ಕಾಲಿಗೆ ಎರಡು ಪೆಡಲು, ಅವಳೇ ಬಾರಿಸುತ್ತ ಅವಳೇ ಕೇಳಿ ತೀರ್ಮಾನಿಸುವುದು ಆಗದ ಮಾತು.

“ಅಮ್ಮ, ನಿಜ ಹೇಳು,” ಎಂದಳು. “ನನ್ನ ಸಮಾಧಾನಕ್ಕೆ ಹೇಳ್ಬೇಡ. ಇದು ಅದೇ ದನೀನಾ?”

“ನಾನು ಯಾವತ್ತು ಸಮಾಧಾನಕ್ಕೆ ಪಾಸು ಮಾಡಿದೀನಿ? ಅದೇ ದನಿ. ನಿನ್ನ ಡಬ್ಬಕ್ಕೆ ಕಿವಿ ಕೇಳ್ಸಲ್ಲ ಅಷ್ಟೆ.”

ಅವಳು ಒಂದು ತಂತಿ ಕಿತ್ತು, ಇನ್ನೊಂದು ತಂತಿ ಹಾಕಿ, ಅದರ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ವಿಚ್ಚು ಜೋಡಿಸಿ ನನ್ನ ಕೈಗಿಟ್ಟಳು. “ಹಾಗಾದ್ರೆ ಅದರ ಕೆಲಸ ನೀನು ಮಾಡು. ವೇದಿಕೆ ಮೇಲೆ ನನ್ನ ಪಕ್ಕ ಕೂತ್ಕೋ. ಒಡಕು ಕೇಳಿದ್ರೆ ಒತ್ತು. ಕೇಳ್ದೆ ಇದ್ರೆ ಒತ್ಬೇಡ. ನನ್ನ ಮುಖ ನೋಡ್ಬೇಡ, ಜನರ ಮುಖ ನೋಡ್ಬೇಡ.”

ಹಿತ್ತಲ ಗಿಡ ಮದ್ದಲ್ಲ. ಎರಡು ತಿಂಗಳು ಯಂತ್ರಕ್ಕೆ ಪಾಠ ಹೇಳಿದವಳಿಗೆ ಪಕ್ಕದ ಕೋಣೆಯಲ್ಲಿ ಮಲಗುವ ತಾಯಿಯ ಕಿವಿ ನೆನಪಾಗಿರಲಿಲ್ಲ. ಈ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾಕೆಂದರೆ ಅದರ ಹಿಂದೆ ನಾನು ಯಾರಿಗೂ ಹೇಳದ ಇನ್ನೊಂದು ಮಾತಿತ್ತು.

“ನೋಡು,” ಎಂದೆ. “ಕೆಲಸ ಬಿಡೋ ಮುಂಚೆ ಕಾರ್ಖಾನೆ ಡಾಕ್ಟರು ಕಿವಿ ನೋಡಿದ್ರು. ಬಲಗಿವಿ ಸ್ವಲ್ಪ ಕಮ್ಮಿ ಆಗಿದೆ ಅಂದ್ರು.”

ಅದನ್ನು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದರೆ, ಅಣ್ಣ ಕೂಡ ಹಾಸ್ಯ ಮಾಡಲಿಲ್ಲ.

ಮಗಳು ನನ್ನನ್ನು ಒಂದು ಸಲ ನೋಡಿದಳು. “ಹಾಗಾದ್ರೆ ಕುರ್ಚಿ ತಿರುಗಿಸ್ತೀನಿ,” ಎಂದಳು. “ಎಡಗಿವಿ ಕಲ್ಲಿನ ಕಡೆ ಇರ್ಲಿ.”

ಆರು ಗಂಟೆಗೆ ಸಭಾಂಗಣ ಮುಕ್ಕಾಲು ತುಂಬಿತ್ತು. ಅಣ್ಣ ಬಾಗಿಲಲ್ಲಿ, ಒಂದು ಕಣ್ಣಲ್ಲಿ ನೋಡುವವರಿಗೆ ಅರ್ಧ ಟಿಕೆಟ್ಟೇ ಎಂದು ಕೇಳಿ ಎಲ್ಲರನ್ನೂ ನಗಿಸಿ, ಮುಂದಿನ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಪಕ್ಕ ನನ್ನ ಕಾರ್ಖಾನೆಯ ಹುಡುಗಿ, ಪಾಳಿ ಮುಗಿಸಿ ನೇರ ಬಂದಿದ್ದಳು, ಕೂದಲಲ್ಲಿ ಇನ್ನೂ ಕಲ್ಲಿನ ಧೂಳು. ನಾನು ಕಲ್ಲುಗಳನ್ನು ಬಿಚ್ಚಿ, ಒಂದೊಂದನ್ನೂ ಮತ್ತೆ ತಟ್ಟಿ ನೋಡಿ, ಎಡಗಿವಿಯನ್ನು ಚೌಕಟ್ಟಿಗೆ ಕೊಟ್ಟು ಕುರ್ಚಿಯಲ್ಲಿ ಕೂತೆ. ವ್ಯವಸ್ಥಾಪಕರು ಪರದೆಯ ಸಂದಿಯಿಂದ ನನ್ನನ್ನು ಕಂಡು ಹುಬ್ಬೇರಿಸಿದರು. ನಾನು ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಅವರ ಕಡೆ ನೋಡಲಿಲ್ಲ.

ಮಗಳು ಶುರುಮಾಡಿದಳು. ಮೊದಲು ಒಂದೇ ಕಲ್ಲು, ಉಗುರಿನಿಂದ. ನಾಲ್ಕು ಸೆಕೆಂಡಾದ ಮೇಲೆ ಆ ಸದ್ದು ಹಿಂದಿನ ಗೋಡೆಯಿಂದ ದಪ್ಪಗಾಗಿ ಬಂತು. ಆಮೇಲೆ ಎರಡು ಕಲ್ಲು, ಆಮೇಲೆ ಐದು. ಬಂದ ಸದ್ದಿನ ನಡುವೆ ಜಾಗ ನೋಡಿ ನೋಡಿ ಅವಳು ಹೊಸ ಸದ್ದು ಇಡುತ್ತಿದ್ದಳು. ಒಂಬತ್ತನೆಯದನ್ನು ತಟ್ಟಿದಳು, ಠಣ್. ಮತ್ತೆ, ಠಣ್. ಆರನೇ ಸಲ ಗೊರ ಎಂದಿತು. ಒತ್ತಿದೆ. ಇಡೀ ಸಭಾಂಗಣದ ಸದ್ದು ಮಗ್ಗುಲು ಬದಲಿಸಿತು. ಎತ್ತರದಲ್ಲಿದ್ದದ್ದೆಲ್ಲ ಕೆಳಕ್ಕಿಳಿದು ನನ್ನ ಕಾಲಡಿಯ ಹಲಗೆ ಅದುರತೊಡಗಿತು. ನನ್ನ ಹೆಬ್ಬೆರಳು ಮಾಡಿದ ಕೆಲಸ ಎಂದುಕೊಂಡಾಗ ಮೈ ಜುಂ ಎಂದಿತು.

ಎರಡನೇ ಭಾಗ ಉದ್ದದ್ದು, ಬಿರುಸಿನದು. ಅವಳು ನಾಲ್ಕನೇ ಕಲ್ಲನ್ನು ಎರಡೂ ಮಗ್ಗುಲಿಂದ ಬಡಿಯುತ್ತಿದ್ದಳು, ತೋಳಿನ ಬಲವೆಲ್ಲ ಹಾಕಿ. ಠಣ್, ಠಣ್, ಠಣ್. ಅದರ ಬಾಲದಲ್ಲಿ ನನಗೆ ಏನೋ ಕೇಳಿಸಿತು. ಒಂದು ಚಿಟಿಕೆ ಧೂಳು ಬಿದ್ದಂಥ ಸದ್ದು.

ನಾಲ್ಕನೆಯದು ಒಳ್ಳೆಯ ಕಲ್ಲು. ಅರ್ಧ ಗಂಟೆಯ ಹಿಂದೆ ನಾನೇ ಪಾಸು ಮಾಡಿದ್ದೆ. ಕಲ್ಲು ಒಡೆಯಿತೋ, ನನ್ನ ಕಿವಿ ಒಡೆಯಿತೋ? ಡಾಕ್ಟರ ಮುಖ ಕಣ್ಣ ಮುಂದೆ ಬಂತು. ತಪ್ಪಾಗಿ ಒತ್ತಿದರೆ ಎರಡನೇ ಭಾಗ ನಡುವೆಯೇ ಕತ್ತರಿಸಿಹೋಗುತ್ತದೆ, ಮಗಳು ಸಿದ್ಧವಿಲ್ಲದೆ ಮೂರನೆಯದಕ್ಕೆ ಬೀಳುತ್ತಾಳೆ, ಎಲ್ಲರೆದುರು ಮತ್ತೆ ನಿಲ್ಲುತ್ತಾಳೆ. ಬೆಳಿಗ್ಗೆ ಒಂದು ಸಲ ಕೆಡಿಸಿದ್ದೆ, ಸಂಜೆ ಎರಡನೇ ಸಲ ನನ್ನಿಂದಲೇ ಕೆಡುತ್ತದೆ. ಒತ್ತದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಂತ್ರವಿಲ್ಲ, ಚಕ್ರ ತಿರುಗುತ್ತಿಲ್ಲ, ಯಾರ ಕಣ್ಣೂ ಹೋಗುವುದಿಲ್ಲ.

ಮತ್ತೆ ಬಡಿದಳು. ಮತ್ತೆ ಆ ಧೂಳು.

ಕೇಳಿದ್ರೆ ಒತ್ತು ಎಂದಿದ್ದಳು. ಯಾವ ಕಲ್ಲು ಎಂದು ಹೇಳಿರಲಿಲ್ಲ. ಒತ್ತಿದೆ.

ಸ್ಪೀಕರುಗಳಿಂದ ಬರುತ್ತಿದ್ದ ಆರ್ಭಟವೆಲ್ಲ ಒಮ್ಮೆಗೇ ಕಳಚಿಬಿತ್ತು. ತೆಳ್ಳನೆಯ ಒಂದು ಎಳೆ ಮಾತ್ರ ಉಳಿಯಿತು. ಮಗಳ ನಾಲ್ಕೂ ಕೋಲು ಗಾಳಿಯಲ್ಲಿ ನಿಂತವು. ಅವಳು ನನ್ನ ಕಡೆ ತಿರುಗಿದಳು, ನಾನೂ ಮಾತು ಮುರಿದು ಅವಳ ಮುಖ ನೋಡಿದೆ. ನಾಲ್ಕು ಬೆರಳು ಎತ್ತಿ ತೋರಿಸಿದೆ. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಪರದೆಯ ಸಂದಿಯಲ್ಲಿ ವ್ಯವಸ್ಥಾಪಕರು ಕೈಗಡಿಯಾರ ನೋಡಿಕೊಂಡರು.

ಮಗಳು ಒಂದು ಕೋಲಿನ ಹಿಂಬದಿಯಿಂದ ನಾಲ್ಕನೆಯದನ್ನು ಮೆಲ್ಲಗೆ ತಟ್ಟಿದಳು, ಕಾರ್ಖಾನೆಯಲ್ಲಿ ನಾನು ತಟ್ಟುತ್ತಿದ್ದ ಹಾಗೆ. ತಲೆ ಓರೆ ಮಾಡಿ ಕೇಳಿದಳು. ಇನ್ನೊಂದು ಕಡೆ ತಟ್ಟಿದಳು. ಮೂರನೇ ಕಡೆ ತಟ್ಟಿದಾಗ ಅದು ಠಪ್ ಎಂದಿತು. ಅವಳ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು. ಡಬ್ಬಿ ಬಡಿಯುವ ವಯಸ್ಸಿನಲ್ಲಿ ನಗುತ್ತಿದ್ದ ಅದೇ ನಗು.

ಆಮೇಲೆ ಅವಳು ಮಾಡಿದ್ದು ಎರಡು ತಿಂಗಳ ಅಭ್ಯಾಸದಲ್ಲಿ ಇರಲಿಲ್ಲ. ಉಳಿದ ಹತ್ತು ಒಳ್ಳೆಯ ಕಲ್ಲುಗಳನ್ನು ಬಿಟ್ಟು, ನಾಲ್ಕು ಮತ್ತು ಒಂಬತ್ತರ ನಡುವೆ ನಿಂತುಬಿಟ್ಟಳು. ಅತ್ತ ಹೊಸದಾಗಿ ಬಿರಿದ ಕಲ್ಲು, ಇತ್ತ ಅಣ್ಣನ ಪಟ್ಟಿ ತೊಟ್ಟ ಕಲ್ಲು. ಒಂದನ್ನು ಕೇಳುತ್ತಿದ್ದಳು, ಇನ್ನೊಂದರಿಂದ ಹೇಳಿಸುತ್ತಿದ್ದಳು, ಎರಡೂ ನಾಲ್ಕು ಸೆಕೆಂಡಾದ ಮೇಲೆ ಗೋಡೆಯಿಂದ ಬಂದು ಜೊತೆ ಸೇರುತ್ತಿದ್ದವು. ಅದು ಒಂದು ಮನೆಯಲ್ಲಿ ಇಬ್ಬರು ಗಟ್ಟಿಗಿತ್ತಿಯರು ಜಗಳವಾಡಿ, ಸೋತು, ಒಟ್ಟಿಗೆ ಕೂತ ಹಾಗಿತ್ತು. ಕೆಮ್ಮಿದವರು ಮತ್ತೆ ಕೆಮ್ಮಲಿಲ್ಲ. ಇನ್ನೆರಡು ಸಲ ಒತ್ತಿದೆ, ಎರಡು ಸಲವೂ ಅನುಮಾನವಿಲ್ಲದೆ. ನಲವತ್ತು ನಿಮಿಷ ನಲವತ್ತಮೂರಾಯಿತು. ಕೊನೆಯ ಸದ್ದು ಸತ್ತ ಮೇಲೆ ಚಪ್ಪಾಳೆ ಬಿತ್ತು. ಒಬ್ಬರೂ ಎದ್ದುಹೋಗಿರಲಿಲ್ಲ. ನಾನು ಎಣಿಸಿದ್ದೇನೆ.

ನನಗೆ ಹೆಮ್ಮೆಯಾಯಿತು. ಸುತ್ತಿ ಬಳಸಿ ಹೇಳುವುದೇಕೆ, ಎದೆ ಬಿರಿಯುವಷ್ಟು ಹೆಮ್ಮೆಯಾಯಿತು.

ವ್ಯವಸ್ಥಾಪಕರು ಬಂದು ಮಗಳ ಕೈಕುಲುಕಿದರು. “ಆ ಮಧ್ಯದಲ್ಲಿ ಎಲ್ಲ ನಿಲ್ಲಿಸಿದ್ರಲ್ಲ, ಅದು ಅದ್ಭುತ. ಎಷ್ಟು ದಿನ ಅಭ್ಯಾಸ ಮಾಡಿದ್ರಿ ಅದನ್ನ?”

“ಅಮ್ಮನ್ನ ಕೇಳಿ,” ಎಂದಳು ಅವಳು.

“ಮೂವತ್ತೊಂದು ವರ್ಷ,” ಎಂದೆ. ಅವರು ತಲೆಯಾಡಿಸಿ, ಮುಂದಿನ ವರ್ಷದ ದಿನಾಂಕ ಮಾತಾಡೋಣ ಎಂದು ಹೇಳಿ ಹೋದರು.

ಜನ ಕರಗಿದ ಮೇಲೆ ಕಾರ್ಖಾನೆಯ ಹುಡುಗಿ ವೇದಿಕೆ ಹತ್ತಿ ಬಂದಳು. ನೇರ ನಾಲ್ಕನೇ ಕಲ್ಲಿನ ಮುಂದೆ ನಿಂತು, “ಅಕ್ಕಾ, ಇದು ಹೋಗಿದೆ,” ಎಂದಳು.

“ಗೊತ್ತು.”

“ನೀವು ಒತ್ತಿದ ಮೇಲೆ ನನಗೆ ಗೊತ್ತಾಯ್ತು. ಅದಕ್ಕೂ ಮುಂಚೆ ನನಗೆ ಕೇಳಿಸ್ಲೇ ಇಲ್ಲ,” ಎಂದು ಸ್ವಲ್ಪ ನಾಚಿಕೊಂಡಳು. ನನ್ನ ಬಲಗಿವಿಯ ಮೇಲಿದ್ದ ಭಾರ ಅಲ್ಲಿಗೆ ಇಳಿಯಿತು.

ಇನ್ನೊಂದು ಕೆಲಸ ಬಾಕಿಯಿತ್ತು. ಒಡಕು ಕೇಳಿದವಳು ನಾನು, ಕಲ್ಲು ಇನ್ನೂ ಇಡಿಯಾಗಿತ್ತು. ಒಂಬತ್ತನೆಯದರ ಮಾತು ಬೇರೆ, ಅದನ್ನು ಒಡೆದಾಗಿದೆ, ಒಡೆದದ್ದಕ್ಕೆ ಪಟ್ಟಿ ಕಟ್ಟಬಾರದೆಂದು ಎಲ್ಲೂ ಬರೆದಿಲ್ಲ. ನಾಲ್ಕನೆಯದು ಹಾಗಲ್ಲ. ಆದರೆ ಅವಳು ಅದರ ಮೇಲೂ ಏನಾದರೂ ಕಟ್ಟಬೇಕೆಂದಿದ್ದರೆ? ಬೆಳಿಗ್ಗೆ ಕೇಳದೆ ಒಡೆದಿದ್ದೆ. ಈಗ ಮಗಳ ಮುಖ ನೋಡಿದೆ, ಕೈ ಕಟ್ಟಿಕೊಂಡು ಸುಮ್ಮನೆ ನಿಂತೆ.

ಅವಳೇ ಕಲ್ಲನ್ನು ಬಿಚ್ಚಿ ತಂದು ನನ್ನ ಕುರ್ಚಿಯ ಅಂಚಿಗೆ ಇಟ್ಟಳು. ಮಾವನ ಚೀಲಕ್ಕೆ ಕೈಹಾಕಿ ಕಬ್ಬಿಣದ ಸುತ್ತಿಗೆ ತೆಗೆದು ನನಗೆ ಕೊಟ್ಟಳು. ನಾನು ಎತ್ತಿದೆ.

“ತಡಿ ಅಮ್ಮ.” ಅವಳು ಬಗ್ಗಿ, ಬಿಟ್ಟುಕೊಂಡಿದ್ದ ಚಿಕ್ಕ ಮೈಕನ್ನು ಹೆಬ್ಬೆರಳಿಂದ ಒತ್ತಿ ಕಲ್ಲಿಗೆ ಸರಿಯಾಗಿ ಅಂಟಿಸಿದಳು. ಕಂಪ್ಯೂಟರಿನ ಹತ್ತಿರ ಹೋಗಿ ಏನೋ ಒತ್ತಿದಳು. ಹಿಂದೆ ಸರಿದು ನಿಂತಳು. “ಈಗ.”

ಒಂದೇ ಏಟು. ಅಣ್ಣ ತನ್ನ ಒಂಟಿ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಎರಡು ಹೋಳು ಹಲಗೆಯ ಮೇಲೆ ಉರುಳಿ ಮಲಗಿದವು.

ಒಂದು, ಎರಡು, ಮೂರು, ನಾಲ್ಕು. ಆ ಖಾಲಿ ಸಭಾಂಗಣದ ನಾಲ್ಕೂ ಮೂಲೆಯಿಂದ ನನ್ನ ಏಟು ನನಗೇ ವಾಪಸು ಬಂತು. ಇಷ್ಟು ವರ್ಷ ಹೊಡೆದ ಏಟನ್ನು ನಾನು ಒಮ್ಮೆಯೂ ಕೂತು ಕೇಳಿರಲಿಲ್ಲ, ಒಡೆದ ತಕ್ಷಣ ಮುಂದಿನ ಕಲ್ಲು ಬಂದಿರುತ್ತಿತ್ತು. ಮಗಳು ಥೇಟ್ ನನ್ನ ಹಾಗೆ ತಲೆ ಓರೆ ಮಾಡಿಕೊಂಡು, ಆ ಸದ್ದು ಪೂರ್ತಿ ಆರುವವರೆಗೂ ಕೇಳಿದಳು.

“ಪಾಸು,” ಎಂದಳು.